ಬಾವಿಗೆ ಇಳಿಬಿಟ್ಟ ಮೈಕು

ಬಾವಿಯ ಮೇಲಿನ ಹಲಗೆ ತೆಗೆದರು. ಮತ್ತೆ ಮುಚ್ಚಲಿಲ್ಲ. ಒಬ್ಬಳು ಬಿದ್ದಳು. ಬಾವಿಯೊಳಗಿನ ಅವಳ ಸದ್ದನ್ನೂ ಬಿಡದೆ ಮಾರಿಕೊಂಡರು.

ಇಷ್ಟೇ ಆರೋಪ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳುವ ನಾಲಿಗೆ ಬಿದ್ದುಹೋಗಲಿ.

ದೆವ್ವದ ಕತೆ ಅಂತ ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರುವುದಿಲ್ಲ. ಇದು ಯಾರೋ ದಾರಿಹೋಕರಿಗೆ ಆದದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಮನುಷ್ಯ ಇನ್ನೂ ಬದುಕಿದ್ದಾನೆ. ಊಟ ಮಾಡುತ್ತಾನೆ, ಮಾತಾಡುತ್ತಾನೆ. ರಾತ್ರಿ ಮಾತ್ರ ಮಲಗುವುದಿಲ್ಲ.

ಅವನ ಕೆಲಸ ವಿಡಿಯೋ ಗೇಮುಗಳಿಗೆ ಸದ್ದು ಮಾಡಿಕೊಡುವುದು. ಕಚೇರಿಯಲ್ಲಿ ಎಲ್ಲರೂ ಅವನನ್ನು ಸದ್ದಣ್ಣ ಅನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಅವತ್ತು ಸದ್ದಣ್ಣ ಕಚೇರಿಯ ಹಿಂದಿನ ಬಾಗಿಲಿನಿಂದ ಹೊರಗೆ ಬಂದಾಗ ರಾತ್ರಿ ಒಂದಕ್ಕೆ ಹತ್ತು ನಿಮಿಷ ಇತ್ತು. ಹಿಂದುಗಡೆ ಮುರಿದ ಕುರ್ಚಿಗಳ ರಾಶಿ. ಅದರಾಚೆ ಒಂದು ಕಾಲುದಾರಿ. ಆ ದಾರಿಯ ಮಗ್ಗುಲಿಗೇ ಒಂದು ಹಳೇ ಬಾವಿ. ಕಟ್ಟಡ ಏಳುವ ಮೊದಲಿನಿಂದಲೂ ಇದ್ದದ್ದು. ಕಟ್ಟೆ ಒಂದು ಕಡೆ ಕುಸಿದು ದಾರಿಯ ಸಮಕ್ಕೆ ಬಂದಿತ್ತು. ಬೀದಿಗೆ ಹೋಗಲು ಅದೇ ಹತ್ತಿರದ ದಾರಿ.

ದಾರಿ ಕತ್ತಲು. ಅಲ್ಲಿದ್ದ ಒಂದೇ ಒಂದು ಟ್ಯೂಬ್‌ಲೈಟನ್ನು ಸಂಜೆ ಅವನೇ ಆರಿಸಿದ್ದ. ಬಾವಿಯ ಎರಡು ಹಲಗೆಗಳನ್ನು ತೆಗೆದಿಟ್ಟವನೂ ಅವನೇ. ಹಗ್ಗ ಕಟ್ಟಿ ಒಳಗೆ ಮೈಕು ಇಳಿಬಿಟ್ಟು, ಮೇಲೆ ಕಲ್ಲಿನ ಸಂದಿಯಲ್ಲಿ ರೆಕಾರ್ಡರು ಇಟ್ಟು ಹೋಗಿದ್ದ. ರಾತ್ರಿಯಿಡೀ ಬಾವಿಯ ಮೌನ ಹಿಡಿಯಬೇಕಿತ್ತು.

ಹೌದು, ಮೌನ. ಮೌನವನ್ನೂ ರೆಕಾರ್ಡ್ ಮಾಡುತ್ತಾರೆ. ಖಾಲಿ ಕೋಣೆಗೆ ಒಂದು ಮೌನ, ಗುಹೆಗೆ ಒಂದು ಮೌನ, ಬಾವಿಗೆ ಇನ್ನೊಂದು. ಅದನ್ನು ಕೆಳಗೆ ಹಾಸಿದರೇನೇ ಮೇಲಿನ ಸದ್ದು ನಿಜ ಅನ್ನಿಸುತ್ತದಂತೆ.

ಸದ್ದಣ್ಣನ ಕಿವಿಗೆ ಹೆಡ್‌ಫೋನು. ಅವತ್ತು ಮಾಡಿದ ಕೆಲಸವನ್ನೇ ಕೇಳುತ್ತಾ ಬರುತ್ತಿದ್ದ. ಬಾವಿಯ ಹತ್ತಿರ ಬಂದ. ನಿಂತ.

ಟಕ್. ಟಕ್. ಟಕ್.

ಹೆಡ್‌ಫೋನಿನಲ್ಲಿ ಕಿರುಚಾಟ. ಅದರ ಹಿಂದೆ ಎಲ್ಲೋ ದೂರದಲ್ಲಿ... ಕಲ್ಲಿಗೆ ಏನೋ ತಟ್ಟಿದ ಹಾಗೆ.

ಟಕ್. ಟಕ್. ಟಕ್.

ತಾನು ಮಾಡಿದ ಮಿಕ್ಸಿಂಗಿನಲ್ಲೇ ಏನೋ ಸೇರಿಕೊಂಡಿದೆ ಅಂದುಕೊಂಡ. ಮೊಬೈಲು ತೆಗೆದು ಬರೆದುಕೊಂಡ: “ಮೂರನೇ ಕಿರುಚಿನ ಹಿಂದೆ ತಟ್ಟೋ ಸದ್ದು. ನಾಳೆ ತೆಗೆಯಬೇಕು.”

ತೆರೆದ ಬಾವಿ ಕಣ್ಣಿಗೆ ಬಿತ್ತು. ಮುಚ್ಚಲೇ ಅಂತ ಒಂದು ಗಳಿಗೆ ಯೋಚಿಸಿದ. ಹಲಗೆ ಎಳೆದರೆ ಕಿರ್ರ್ ಅನ್ನುತ್ತದೆ. ಕೆಳಗೆ ಮೈಕು ಓಡುತ್ತಿದೆ. ಸಂಜೆಯಿಂದ ಹಿಡಿದ ಮೌನವೆಲ್ಲಾ ಹಾಳು. ಟಾರ್ಚು ಹಾಕಲಿಲ್ಲ, ಬಗ್ಗಿ ನೋಡಲಿಲ್ಲ, ಕೆಮ್ಮಲೂ ಇಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಬೆಕ್ಕಿನ ಹಾಗೆ ತುದಿಗಾಲಲ್ಲಿ ದಾಟಿ ಹೋದ.

ಮನೆಗೆ ಹೋಗಿ ಮಲಗಿ ನಿದ್ದೆ ಮಾಡಿದ. ಅದೇ ಕೊನೆ ನಿದ್ದೆ ಅನ್ನಿ.

ಈಗ ಅವಳ ವಿಷಯ ಕೇಳಿ.

ಆ ಕಚೇರಿಯಲ್ಲಿ ಗೇಮುಗಳನ್ನು ಆಡಿ ಆಡಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದವಳು ಒಬ್ಬ ಹೆಂಗಸು. ಗಂಡ ಇಲ್ಲ. ಒಂಬತ್ತು ವರ್ಷದ ಒಬ್ಬ ಮಗಳು, ಜೊತೆಗೆ ಒಬ್ಬ ತಂಗಿ. ಒಂದು ದಿನ ಸದ್ದಣ್ಣನಿಗೆ ಒಂದು ಕಿರುಚು ಬೇಕಾಗಿತ್ತು. ಮೂರು ಜನ ಬಂದು ಕಿರುಚಿದರು, ಬಸ್ಸು ತಪ್ಪಿಸಿಕೊಂಡವರ ಹಾಗಿತ್ತು. ಇವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, “ಸ್ವಲ್ಪ ಜರುಗಿ” ಅಂದಳು. ಕಿರುಚಿದಳು.

ಮೇಲಿನ ಮಹಡಿಯಿಂದ ಜನ ಓಡಿ ಬಂದರು.

ಅಂದಿನಿಂದ ಆ ಕಂಪನಿಯ ಗೇಮುಗಳಲ್ಲಿ ಸಾಯುವವರೆಲ್ಲಾ ಅವಳೇ. ಬೆಂಕಿಯಲ್ಲಿ ಬೆಂದು ಸಾಯುವವಳು, ಕತ್ತಿಗೆ ಸಿಕ್ಕಿ ಸಾಯುವವಳು, ನೀರಿನಲ್ಲಿ, ಮೇಲಿಂದ ಬಿದ್ದು... ಮುದುಕಿ, ಹುಡುಗಿ, ಕಡೆಗೆ ಹುಡುಗರು ಕೂಡ. ಕಚೇರಿಯವರು ಅವಳಿಗೆ ಇಟ್ಟ ಹೆಸರು ಸಾಯೋ ಅಕ್ಕ.

“ಇವತ್ತು ಎಷ್ಟು ಸಲ ಸತ್ರಿ ಅಕ್ಕಾ?” ಸದ್ದಣ್ಣ ಕೇಳುತ್ತಿದ್ದ.

“ಊಟಕ್ಕೆ ಮುಂಚೆ ಮೂವತ್ತು ಸಲ ಕಣೋ. ಯಮನಿಗಾದ್ರೂ ಒಂದೇ ಸಲಕ್ಕೆ ಸಾಕು. ನಿಮ್ಮ ಸಾಹೇಬನಿಗೆ ಸಾಲಲ್ಲ.”

ಸಾಹೇಬ ಅಂದರೆ ಗೇಮಿನ ಮುಖ್ಯಸ್ಥ. ಅವನಿಗೂ ಒಂದು ಅಡ್ಡಹೆಸರು: ಇನ್ನೊಂದ್ಸಲ. ಯಾಕೆಂದರೆ ಅವನ ಬಾಯಲ್ಲಿ ಬರುತ್ತಿದ್ದದ್ದೇ ಅದು. ನೋವಿದೆ, ಭಯ ಇಲ್ಲ, ಇನ್ನೊಂದ್ಸಲ. ಭಯ ಇದೆ, ನೋವಿಲ್ಲ, ಇನ್ನೊಂದ್ಸಲ. ಎರಡೂ ಇದೆ, ಆದರೂ ಇನ್ನೊಂದ್ಸಲ.

ಕಿರುಚುವುದಕ್ಕೆ ಒಂದು ಗಾಜಿನ ಕೋಣೆ ಇತ್ತು. ಗೋಡೆಗೆಲ್ಲಾ ದಪ್ಪ ಸ್ಪಂಜು. ಒಳಗಿನ ಸದ್ದು ಹೊರಗೆ ಬರುವುದಿಲ್ಲ. ಬಾಗಿಲು ತೆಗೆಯಲು ಹಿಡಿ ಇದ್ದದ್ದು ಹೊರಗಡೆ ಮಾತ್ರ, ಒಳಗಿನದು ಮುರಿದು ವರ್ಷವಾಗಿತ್ತು. ಯಾರೂ ಸರಿಮಾಡಿಸಿರಲಿಲ್ಲ. ಮೈಕು ಓಡುವಾಗ ಮಾತಾಡಬಾರದು. ಹಾಗಾಗಿ ಅಕ್ಕ, ಸದ್ದಣ್ಣ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಅಕ್ಕನ ಬೆರಳಲ್ಲಿ ಒಂದು ದಪ್ಪ ಸ್ಟೀಲಿನ ಉಂಗುರ. ಅದರಿಂದ ಗಾಜಿಗೆ ಒಂದು ಸಲ ತಟ್ಟಿದರೆ ಶುರು ಮಾಡು ಅಂತ. ಎರಡು ತಟ್ಟಿದರೆ ಮತ್ತೆ ಮಾಡ್ತೀನಿ ಅಂತ.

ಮೂರು ತಟ್ಟಿದರೆ... ಸಾಕು, ಬಾಗಿಲು ತೆಗಿ ಅಂತ.

ಈ ಲೆಕ್ಕ ಪ್ರಪಂಚದಲ್ಲಿ ಗೊತ್ತಿದ್ದದ್ದು ಮೂರು ಜನಕ್ಕೆ. ಅವಳಿಗೆ, ಸದ್ದಣ್ಣನಿಗೆ, ಆಮೇಲೆ ಮನೆಯಲ್ಲಿದ್ದ ಮಗಳಿಗೆ. ಮಗಳಿಗೆ ಯಾಕೆ ಗೊತ್ತಾಯಿತು ಅಂದರೆ, ಅಕ್ಕನ ದನಿ ಹೋಯಿತು.

ಹೊಸ ಗೇಮಿಗೆ ಒಂದೇ ತಿಂಗಳಲ್ಲಿ ಮುನ್ನೂರು ಸಾವು ಬೇಕು ಅಂದ ಇನ್ನೊಂದ್ಸಲ. ಇಪ್ಪತ್ತನೇ ದಿನ ಅವಳ ಬಾಯಿಂದ ರಕ್ತ ಬಂತು. “ಅದನ್ನು ನುಂಗೋ ಸದ್ದು ಹಿಡಿದ್ಯಾ?” ಅಂತ ಕೇಳಿದನಂತೆ ಆ ಮಹಾನುಭಾವ. ಡಾಕ್ಟರು ನೋಡಿ ಹೇಳಿದರು, ಎರಡು ತಿಂಗಳು ಪಿಸುಮಾತೂ ಆಡಬಾರದು, ಆಡಿದರೆ ದನಿ ಶಾಶ್ವತವಾಗಿ ಹೋಗುತ್ತದೆ. ಆಡಬಾರದು ಅನ್ನುವುದೇನು, ಆಡಲು ದನಿಯೇ ಬರುತ್ತಿರಲಿಲ್ಲ. ಬಾಯಿ ತೆರೆದರೆ ಗಾಳಿ ಮಾತ್ರ, ತೂತು ಬಿದ್ದ ಟಯರಿನ ಹಾಗೆ ಸುಸ್ಸ್ ಅಂತ.

ರಜೆ ಕೊಟ್ಟರೇ? ಇಲ್ಲ. “ಗಂಟಲು ತಾನೇ ಹೋಗಿರೋದು, ಕೈ ಇದೆಯಲ್ಲ” ಅಂದ ಇನ್ನೊಂದ್ಸಲ. ಮತ್ತೆ ಗೇಮು ಆಡಿ ತಪ್ಪು ಹುಡುಕಲು ಕೂರಿಸಿದ. ಅವಳು ಚೀಟಿಯಲ್ಲಿ ಬರೆದು ಮಾತಾಡುತ್ತಿದ್ದಳು. ರಾತ್ರಿ ಮನೆಗೆ ಹೋಗಿ ಬಾಗಿಲಿಗೆ ಉಂಗುರದಿಂದ ಮೂರು ಸಲ ತಟ್ಟುತ್ತಿದ್ದಳು. ಮಗಳು ಓಡಿ ಬಂದು ತೆಗೆಯುತ್ತಿದ್ದಳು.

ಆ ಹೊಸ ಗೇಮಿನ ಏಳನೇ ಲೆವೆಲ್ಲು ನಡೆಯುವುದು ಒಂದು ಬಾವಿಯೊಳಗೆ. “ಡಬ್ಬದೊಳಗೆ ಮಾಡಿದ ಸದ್ದು ನನಗೆ ಬೇಡ, ನಿಜವಾದ ಬಾವಿ ಬೇಕು” ಅಂದ ಇನ್ನೊಂದ್ಸಲ. ಹುಡುಕಿಕೊಂಡು ದೂರ ಹೋಗುವುದೇಕೆ, ಹಿತ್ತಲಲ್ಲೇ ಇದೆಯಲ್ಲ.

ಆ ಸಂಜೆ ಸದ್ದಣ್ಣ ಹಲಗೆ ತೆಗೆದು, ಬಾವಿಯ ಬಾಯಲ್ಲಿ ಒಂದು ಬಲೂನು ಒಡೆದ. ಠಪ್! ಸದ್ದು ಕೆಳಗಿಳಿದು, ಗೋಡೆಗೆ ಬಡಿದು, ನೀರು ಮುಟ್ಟಿ, ನಿಧಾನವಾಗಿ ಮೇಲೆ ಬಂತು. ಬಾವಿಯ ದನಿ ಸಿಕ್ಕಿತು. ಇನ್ನು ಅದರ ಮೌನ.

ಹಲಗೆ ತೆಗೆದ ಮೇಲೆ ಸುತ್ತ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದ ಪಾಪ. ಗಾಳಿಗೆ ಅದು ಪಟಪಟ ಅಂದಿತು. ಬಿಚ್ಚಿ ಸುತ್ತಿಟ್ಟ. ಟ್ಯೂಬ್‌ಲೈಟು ಗುಂಯ್ ಅಂದಿತು. ಆರಿಸಿದ. ಕಾವಲಿನವನು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಅಂದ. ಅವನು ಉಸಿರಾಡಿದರೂ ಕೇಳುತ್ತದೆ ಅಂತ ಮುಂದಿನ ಗೇಟಿಗೆ ಕಳಿಸಿದ. ನೋಡಿ, ಮನುಷ್ಯನನ್ನು ಕಾಯುವ ವಸ್ತು ಪ್ರತಿಯೊಂದೂ ಸ್ವಲ್ಪ ಸದ್ದು ಮಾಡುತ್ತದೆ. ಆ ಸಂಜೆ ಒಂದೊಂದನ್ನೇ ಸುಮ್ಮನಾಗಿಸಿದರು.

ರಾತ್ರಿ ಹನ್ನೊಂದೂ ಹತ್ತಕ್ಕೆ ಅಕ್ಕ ಕೆಲಸ ಮುಗಿಸಿ ಸದ್ದಣ್ಣನ ಹತ್ತಿರ ಬಂದಳು. ಇಬ್ಬರೂ ಎಷ್ಟೋ ಸಲ ಆ ಹಿಂದಿನ ದಾರಿಯಲ್ಲೇ ಒಟ್ಟಿಗೆ ಹೋಗುತ್ತಿದ್ದರು. ಅವತ್ತು ಸದ್ದಣ್ಣನನ್ನು ಇನ್ನೊಂದ್ಸಲ ಬಿಟ್ಟಿರಲಿಲ್ಲ. ಅಕ್ಕ ಅವನ ಭುಜ ತಟ್ಟಿ ಮುಂದೆ ಚೀಟಿ ಹಿಡಿದಳು: “ನೀನು ಸಾಯಿ ಇಲ್ಲೇ. ನಾನು ಹೊರಟೆ. ಮಗಳು ಕಾಯ್ತಿರ್ತಾಳೆ.”

ಸದ್ದಣ್ಣ ನಕ್ಕ. ಕಿವಿಯಲ್ಲಿ ಹೆಡ್‌ಫೋನು ಇತ್ತು. ತೆಗೆಯದೆ ಕೈ ಎತ್ತಿ ಆಡಿಸಿದ.

ಹೇಳಬೇಕಾಗಿದ್ದದ್ದು ನಾಲ್ಕೇ ಮಾತು. ಹಿಂದಿನ ದಾರೀಲಿ ಹೋಗ್ಬೇಡಿ ಅಕ್ಕಾ. ಮರೆತ.

ಬೆಳಗ್ಗೆ ಆರಕ್ಕೆ ಕಾವಲಿನವನು ನೋಡಿದ. ಎಂಟಕ್ಕೆ ಅವಳನ್ನು ಮೇಲೆತ್ತಿದರು. ಎದೆಮಟ್ಟದ ನೀರು ಅಷ್ಟೇ. ಕಾಲು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಬಿದ್ದ ತಕ್ಷಣ ಪ್ರಾಣ ಹೋಗಿದೆ ಅಂತ ಪೊಲೀಸರು ಬರೆದುಕೊಂಡು ಹೋದರು. ಹಲಗೆ ಹಳೆಯದು, ಕಾಲಿಟ್ಟಾಗ ಮುರಿದಿರಬೇಕು ಅಂದ ಇನ್ನೊಂದ್ಸಲ. ಯಾರೋ ಒಂದು ಗೆದ್ದಲು ತಿಂದ ಹಲಗೆಯನ್ನು ಅಷ್ಟು ಹೊತ್ತಿಗೆ ತಂದು ಅಲ್ಲಿ ಎಸೆದಿದ್ದರು.

ಆದರೆ ಸುದ್ದಿ ಸಿಕ್ಕಿ ಓಡಿ ಬಂದ ಸದ್ದಣ್ಣ ಜನ ಸೇರುವ ಮೊದಲೇ ರೆಕಾರ್ಡರು ಎತ್ತಿಕೊಂಡು ಹೋಗಿದ್ದ. ಕೋಣೆಯ ಬಾಗಿಲು ಹಾಕಿಕೊಂಡ. ಹೆಡ್‌ಫೋನು ಹಾಕಿಕೊಂಡ. ಒತ್ತಿದ.

ಬಾವಿಯ ಮೌನ. ತೊಟ್ಟಿಕ್ಕುವ ನೀರು. ಒಂದು ಕಪ್ಪೆ.

ಹನ್ನೊಂದೂ ಹದಿನಾಲ್ಕು. ಮೇಲೆ ಚಪ್ಪಲಿ ಸದ್ದು. ಚಪ್, ಚಪ್, ಚಪ್... ನಾಲ್ಕನೆಯದು ಇಲ್ಲ. ಕಲ್ಲು ಜಾರಿದ ಸದ್ದು. ಲಟ್ ಅಂತ ಒಂದು ಸದ್ದು... ಅದು ಮೂಳೆ. ಗೇಮಿಗಾಗಿ ಕ್ಯಾರೆಟ್ಟು ಮುರಿದು ಮುರಿದು ಮೂಳೆ ಮುರಿಯುವ ಸದ್ದು ಮಾಡಿದ ಕೈ ಅವನದು. ನಿಜವಾದದ್ದು ಅದಕ್ಕಿಂತ ಸಣ್ಣಗಿತ್ತು.

ಆಮೇಲೆ ಧಡ್. ನೀರು.

ಆಮೇಲೆ... ಉಸಿರು.

ಸುಸ್ಸ್... ಸುಸ್ಸ್... ಕಿರುಚಲು ನೋಡುತ್ತಿದ್ದಾಳೆ. ಬರೀ ಗಾಳಿ ಬರುತ್ತಿದೆ. ನೂರಾರು ಸಾವಿಗೆ ನೂರಾರು ಕಿರುಚು ಕೊಟ್ಟವಳಿಗೆ, ತನ್ನ ಸ್ವಂತದ್ದಕ್ಕೆ ಒಂದು ಉಳಿದಿರಲಿಲ್ಲ.

ಆಮೇಲೆ ಶುರುವಾಯಿತು.

ಟಕ್. ಟಕ್. ಟಕ್.

ಉಂಗುರ, ಕಲ್ಲಿಗೆ. ಮೂರು. ನಿಲ್ಲುತ್ತದೆ. ಮತ್ತೆ ಮೂರು.

ಸದ್ದಣ್ಣ ರೆಕಾರ್ಡರಿನ ಗಡಿಯಾರ ನೋಡುತ್ತಾ ಕೇಳಿದ. ಹನ್ನೆರಡು. ಹನ್ನೆರಡೂವರೆ. ಟಕ್, ಟಕ್, ಟಕ್. ಹನ್ನೆರಡೂ ಐವತ್ತಕ್ಕೆ ಮೇಲೆ ಹೆಜ್ಜೆ ಸದ್ದು ಬಂತು. ಹತ್ತಿರ ಬಂತು. ನಿಂತಿತು.

ತಟ್ಟುವುದು ಜೋರಾಯಿತು. ಟಕ್ ಟಕ್ ಟಕ್. ಟಕ್ ಟಕ್ ಟಕ್. ನೀರು ಕಲಕಿತು. ಸುಸ್ಸ್ ಅಂತ ಉಸಿರು ಮೇಲಕ್ಕೆ ಎದ್ದಿತು. ಎದ್ದು ಬಿತ್ತು.

ಮೇಲೆ ಚಪ್ಪಲಿ ಬಿಚ್ಚಿದ ಸದ್ದು. ಬರಿಗಾಲು, ಮೆಲ್ಲಗೆ, ತುದಿಬೆರಳಲ್ಲಿ... ದೂರ ಹೋಯಿತು.

ಎಂಥ ಮೈಕು ಅದು! ತುದಿಗಾಲಿನ ಹೆಜ್ಜೆಯನ್ನೂ ಬಿಟ್ಟಿರಲಿಲ್ಲ.

ಕೊನೆಯ ತಟ್ಟು ಬೆಳಗಿನ ಜಾವ ನಾಲ್ಕೂ ಮೂವತ್ತೇಳಕ್ಕೆ. ಎರಡೇ ಸಲ. ಟಕ್. ಟಕ್. ಮೂರನೆಯದು ಬರಲಿಲ್ಲ.

ಸದ್ದಣ್ಣ ರೆಕಾರ್ಡರು ಹಿಡಿದು ಇನ್ನೊಂದ್ಸಲನ ಕೋಣೆಗೆ ನುಗ್ಗಿದ. “ಸಾರ್, ಅವರು ಬೆಳಗಿನವರೆಗೂ ಬದುಕಿದ್ರು. ಪೊಲೀಸರಿಗೆ ಕೊಡೋಣ.”

ಇನ್ನೊಂದ್ಸಲ ಕೇಳಿದ. ಪೂರ್ತಿ ಕೇಳಿದ, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ.

“ಕೊಡಪ್ಪ. ಧಾರಾಳವಾಗಿ ಕೊಡು. ಹಲಗೆ ತೆಗೆದದ್ದು ಯಾರು ಅಂತ ಕೇಳ್ತಾರೆ. ದೀಪ ಆರಿಸಿದ್ದು ಯಾರು ಅಂತಾರೆ. ಹನ್ನೆರಡೂ ಐವತ್ತಕ್ಕೆ ಬಂದು ನಿಂತು ಕಳ್ಳನ ಹಾಗೆ ಹೋದವನು ಯಾರು ಅಂತಲೂ ಕೇಳ್ತಾರೆ. ಏನಂತೀಯ?”

ಸದ್ದಣ್ಣ ರೆಕಾರ್ಡರನ್ನು ಮೇಜಿನ ಮೇಲಿಟ್ಟ.

“ಅದು ಬಿಡು. ಆ ತಟ್ಟೋದಿದೆಯಲ್ಲ...” ಇನ್ನೊಂದ್ಸಲ ಮುಂದೆ ಬಗ್ಗಿ ದನಿ ಇಳಿಸಿದ. “ಇನ್ನೊಂದ್ಸಲ ಹಾಕು.”

ಹಾಕಿದ. ಅದೇ ಸದ್ದಣ್ಣ, ಅದೇ ಕೈಯಿಂದ ಆ ಮೂರು ತಟ್ಟನ್ನು ಕತ್ತರಿಸಿ ಏಳನೇ ಲೆವೆಲ್ಲಿನ ಬಾಗಿಲ ಹಿಂದೆ ಜೋಡಿಸಿದ. ಆಡುವವನು ಬಾಗಿಲ ಹತ್ತಿರ ಬಂದರೆ ಒಳಗಿನಿಂದ ಕೇಳಿಸುತ್ತದೆ. ಬಾಗಿಲು ತೆರೆಯುವುದಿಲ್ಲ. ಅದು ತೆರೆಯುವ ಬಾಗಿಲೇ ಅಲ್ಲ, ಬರೀ ಚಿತ್ರ. ಮಾಡಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮವನು ಅಂತ ಮುಚ್ಚಿಡುವುದಿಲ್ಲ.

ಹತ್ತು ದಿನ ಬಿಟ್ಟು ಅಕ್ಕನ ತಂಗಿ ಬಂದಳು, ಅವಳ ಚೀಲ, ತಟ್ಟೆ ಲೋಟ ತೆಗೆದುಕೊಂಡು ಹೋಗಲು. ಜೊತೆಗೆ ಮಗಳು. ತಂಗಿ ಮೆಲ್ಲಗೆ ಕೇಳಿದಳು, “ನಿಜ ಹೇಳಿ ಅಣ್ಣಾ, ನಮ್ಮಕ್ಕ ನರಳಿದಳಾ?”

“ಇಲ್ಲಮ್ಮಾ. ತಕ್ಷಣ...”

“ಅಷ್ಟಾದ್ರೂ ಆಯ್ತಲ್ಲ ಬಿಡಿ” ಅಂದು ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ಮಗಳು ಮೇಜಿನ ಮೇಲಿದ್ದ ಗೇಮಿನ ಬಟನ್ನು ಒತ್ತಿದ್ದಳು. ಪರದೆಯ ಮೇಲೆ ಯಾರೋ ಬೆಂಕಿಗೆ ಬಿದ್ದು ಕಿರುಚಿದರು. ಹುಡುಗಿಯ ಮುಖ ಅರಳಿತು. “ಇದು ಅಮ್ಮ!” ಇನ್ನೊಂದು ಒತ್ತಿದಳು. ಕತ್ತಿ. “ಇದೂ ಅಮ್ಮ!” ಮತ್ತೊಂದು. ಕಚೇರಿಯೆಲ್ಲಾ ತಲೆ ಬಗ್ಗಿಸಿ ಕೂತಿತ್ತು. ಹುಡುಗಿ ಒತ್ತುತ್ತಲೇ ಇದ್ದಳು.

ಗೇಮಿನ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರು ಬರುತ್ತದಲ್ಲ, ಅದರಲ್ಲಿ ಅವಳ ಹೆಸರು ಹಾಕೋಣ ಅಂತ ಸದ್ದಣ್ಣ ಕೇಳಿದ್ದುಂಟು. “ಬಿಡುಗಡೆ ದಿನ ಕೆಲಸದಲ್ಲಿ ಇಲ್ಲದವರ ಹೆಸರು ಹಾಕಲ್ಲ” ಅಂದ ಇನ್ನೊಂದ್ಸಲ. “ಬಿಟ್ಟು ಹೋದವರಿಗೂ ಅದೇ, ಸತ್ತವರಿಗೂ ಅದೇ. ನಿಯಮ.” ಬಾವಿಗೆ ಕಾಂಕ್ರೀಟ್ ಚಪ್ಪಡಿ ಬಿತ್ತು. ಅವಳು ಬದುಕಿದ್ದಾಗ ಒಂದು ಹಲಗೆ ಎಳೆಯಲು ಪುರುಸೊತ್ತಿರಲಿಲ್ಲ. ಸತ್ತ ಮೇಲೆ ಎರಡೇ ದಿನದಲ್ಲಿ ಕಾಂಕ್ರೀಟು!

ಗೇಮು ಬಿಡುಗಡೆಯಾಯಿತು. ಜನ ಮುಗಿಬಿದ್ದರು. ಎಲ್ಲರ ಬಾಯಲ್ಲೂ ಏಳನೇ ಲೆವೆಲ್ಲಿನ ತಟ್ಟೋ ಸದ್ದು.

ಎರಡನೇ ವಾರ ದೂರುಗಳು ಬರತೊಡಗಿದವು. ದೂರು ಅಲ್ಲ, ಹೊಗಳಿಕೆಯೇ. “ಬಾಗಿಲ ಹತ್ತಿರ ನಿಂತು ಆಮೇಲೆ ತುದಿಗಾಲಲ್ಲಿ ಹೊರಟರೆ ತಟ್ಟೋದು ಜೋರಾಗುತ್ತೆ, ಸಖತ್ತಾಗಿದೆ” ಅಂತ ಒಬ್ಬ ಬರೆದ. ಮತ್ತೊಬ್ಬ ಬರೆದ. ನೂರು ಜನ ಬರೆದರು.

ಸದ್ದಣ್ಣ ಹಾಗೆ ಜೋಡಿಸಿರಲೇ ಇಲ್ಲ. ಅವನು ಹಾಕಿದ್ದು ಬರೀ ಮೂರು ತಟ್ಟು. ತಾನೇ ಆಡಿ ನೋಡಿದ. ಬಾಗಿಲ ಹತ್ತಿರ ಹೋದ. ಟಕ್, ಟಕ್, ಟಕ್. ತುದಿಗಾಲಲ್ಲಿ ಹಿಂದೆ ಸರಿದ. ಟಕ್ ಟಕ್ ಟಕ್ ಟಕ್ ಟಕ್ ಟಕ್... ಗಾಬರಿಯಾಗಿ ಕಂಪ್ಯೂಟರಿನಿಂದ ಆ ಸದ್ದನ್ನೇ ಅಳಿಸಿಹಾಕಿದ. ಮತ್ತೆ ಆಡಿದ.

ಟಕ್. ಟಕ್. ಟಕ್.

ಹೆಡ್‌ಫೋನು ಕಿತ್ತಿಟ್ಟ. ಕೇಳುತ್ತಲೇ ಇತ್ತು. ಗಾಜಿನ ಕೋಣೆಯ ಕಡೆಯಿಂದ.

ಇನ್ನೊಂದ್ಸಲನಿಗೆ ಏನಾಯಿತು ಅಂತ ಕಾಯುತ್ತಿದ್ದೀರಿ ಅಲ್ಲವೇ? ದೆವ್ವ ಬಂದು ಅವನ ಕತ್ತು ಮುರಿಯಿತು ಅಂತ ಹೇಳಿದರೆ ನಿಮಗೆ ಸಮಾಧಾನ. ಏನೂ ಆಗಲಿಲ್ಲ. ಅವನಿಗೆ ಬಡ್ತಿ ಸಿಕ್ಕಿತು. ಚೆನ್ನಾಗಿ ನಿದ್ದೆ ಮಾಡುತ್ತಾನೆ. ಅವನ ಕೋಣೆಯಲ್ಲಿ ಯಾರೂ ತಟ್ಟುವುದಿಲ್ಲ, ತಟ್ಟಿದರೂ ಅವನಿಗೆ ಕೇಳಿಸುವುದಿಲ್ಲ. ದೆವ್ವ ಬರುವುದು ಕಿವಿ ಇದ್ದವನ ಹತ್ತಿರ ಮಾತ್ರ.

ಒಂದು ರಾತ್ರಿ ಸದ್ದಣ್ಣ ತಡೆಯಲಾರದೆ ಬಾವಿಗೆ ಹೋದ. ಒಂದಕ್ಕೆ ಹತ್ತು ನಿಮಿಷ. ಚಪ್ಪಡಿಯ ನಡುವೆ ಪೈಪಿಗಾಗಿ ಬಿಟ್ಟ ಒಂದು ತೂತಿತ್ತು, ಹೆಬ್ಬೆರಳು ಹೋಗುವಷ್ಟು. ಸಣ್ಣ ಮೈಕನ್ನು ಅದರಲ್ಲಿ ಇಳಿಬಿಟ್ಟ. ರೆಕಾರ್ಡರು ಒತ್ತಿದ. ಹೆಡ್‌ಫೋನು ಹಾಕಿಕೊಂಡು ಚಪ್ಪಡಿಯ ಮೇಲೆ ಮಂಡಿಯೂರಿದ.

ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕಾ...”

ಏನಿಲ್ಲ.

“ಅಕ್ಕಾ, ನಾನು...”

ಟಕ್. ಟಕ್. ಟಕ್.

“ತೆಗೀತೀನಿ ಅಕ್ಕಾ. ಹೇಗೆ ತೆಗೀಲಿ? ಕಾಂಕ್ರೀಟು ಹಾಕಿಬಿಟ್ಟಿದ್ದಾರೆ...”

ತಟ್ಟುವುದು ನಿಂತಿತು. ಆಗ ಹೆಡ್‌ಫೋನಿನಲ್ಲಿ ಹೆಜ್ಜೆ ಸದ್ದು. ಬಾವಿಯೊಳಗಿನಿಂದ ಕೇಳುವ ಹಾಗೆ, ತಲೆಯ ಮೇಲಿಂದ. ಹತ್ತಿರ ಬಂತು. ನಿಂತಿತು. ಚಪ್ಪಲಿ ಬಿಚ್ಚಿತು. ತುದಿಗಾಲಲ್ಲಿ ದೂರ ಹೋಯಿತು.

ಸದ್ದಣ್ಣ ಮಂಡಿಯೂರಿದವನು ಅಲ್ಲಾಡಿರಲಿಲ್ಲ.

ಸುಸ್ಸ್ ಅಂತ ಉಸಿರು. ಆಮೇಲೆ, ತುಂಬಾ ಹತ್ತಿರದಲ್ಲಿ, ಮೈಕಿಗೆ ಬಾಯಿ ಇಟ್ಟ ಹಾಗೆ, ಒಂದೇ ಮಾತು. ಪಿಸುಮಾತು.

“ಹೋದ.”

ಮೈಕು ಎಳೆದುಕೊಂಡು ಓಡಿದ. ಎಲ್ಲಿ ಎಡವಿದ, ಹೇಗೆ ಮನೆ ಸೇರಿದ ಅವನಿಗೇ ಗೊತ್ತಿಲ್ಲ.

ಎರಡು ದಿನ ಜ್ವರ. ಮೂರನೇ ದಿನ ಎದ್ದು ಅಕ್ಕನ ತಂಗಿಯ ಮನೆಗೆ ಹೋದ. ಚಾಪೆಯ ಮೇಲೆ ಕೂತು, ನೆಲ ನೋಡುತ್ತಾ ಎಲ್ಲಾ ಹೇಳಿದ. ಹಲಗೆ ತೆಗೆದದ್ದು, ದೀಪ ಆರಿಸಿದ್ದು, ತಕ್ಷಣ ಸತ್ತರು ಅಂದದ್ದು ಸುಳ್ಳು ಅಂತ. ಗೇಮಿನಲ್ಲಿ ತಟ್ಟುವುದು ಅವರೇ ಅಂತ.

ತಂಗಿ ಅಳಲಿಲ್ಲ. ಗೋಡೆಗೆ ಒರಗಿದಳು ಅಷ್ಟೇ.

ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. “ಅಷ್ಟು ಹೊತ್ತು ತಟ್ಟಿದ್ದಾರೆ. ಆ ದಾರೀಲಿ ಯಾರೂ ಬರಲಿಲ್ವಾ ಮಾಮ?”

ಇಷ್ಟು ಹೇಳಿದವನು ಇದೊಂದನ್ನು ಹೇಳಬೇಕಿತ್ತು. ಅದನ್ನು ಹೇಳುವುದಕ್ಕೇ ಬಂದಿದ್ದ.

“ಇಲ್ಲ ಮಗಳೇ” ಅಂದ. “ಯಾರೂ ಬರಲಿಲ್ಲ.”

ಹುಡುಗಿ ಬಾಗಿಲು ಬಿಟ್ಟು ಮುಂದೆ ಬಂದಳು. “ಅಮ್ಮ ರಾತ್ರಿ ಬಂದು ತಟ್ಟಿದರೆ ನಾನು ತೆಗೀತೀನಿ” ಅಂದಳು. “ನೀವ್ಯಾಕೆ ತೆಗೆಯಲ್ಲ?”

ಅವಳಿಗೆ ಅದನ್ನು ಯಾರು ಹೇಳಿದರು? ಸದ್ದಣ್ಣನ ಮನೆ ಬಾಗಿಲು ರಾತ್ರಿ ಸದ್ದು ಮಾಡುವುದನ್ನು ಅವನು ಅಲ್ಲಿಯವರೆಗೆ ಹೆಂಡತಿಗೂ ಹೇಳಿರಲಿಲ್ಲ.

ಇನ್ನೊಂದು ವಿಷಯ. ಚಪ್ಪಡಿಯ ಮೇಲೆ ಅವನು ಮಂಡಿಯೂರಿದ್ದದ್ದು ಹತ್ತು ನಿಮಿಷವೂ ಇಲ್ಲ. ಒಂದೂ ಐದಕ್ಕೆಲ್ಲಾ ಮನೆಯಲ್ಲಿದ್ದ, ಹೆಂಡತಿ ಸಾಕ್ಷಿ. ಆದರೆ ಆ ರಾತ್ರಿಯ ರೆಕಾರ್ಡಿಂಗು ಐದು ಗಂಟೆ ಇಪ್ಪತ್ತಮೂರು ನಿಮಿಷ ಇದೆ. ಹನ್ನೊಂದೂ ಹದಿನಾಲ್ಕರಿಂದ ನಾಲ್ಕೂ ಮೂವತ್ತೇಳಕ್ಕೆ ಎಷ್ಟಾಗುತ್ತದೋ ನೀವೇ ನೋಡಿಕೊಳ್ಳಿ. ಸುಳ್ಳಾದರೆ ಬನ್ನಿ, ರೆಕಾರ್ಡರು ನಮ್ಮ ದೊಡ್ಡಮ್ಮನ ಮನೆಯ ಬೀರುವಿನಲ್ಲಿದೆ. ತೋರಿಸುತ್ತೇವೆ.

ಅವನು ಹೇಳದ್ದನ್ನು ಇಲ್ಲಿ ಹೇಳಿದ್ದಾಯಿತು. ಮಗಳೇ, ನೀನು ದೊಡ್ಡವಳಾಗಿ ಇದನ್ನು ಓದಿದರೆ ಕೇಳು: ಒಬ್ಬ ಬಂದಿದ್ದ. ನಮ್ಮವನೇ. ನಿಂತಿದ್ದ. ಕೇಳಿಸಿಕೊಂಡಿದ್ದ. ಹೋದ.

ಉಳಿದವರೇ, ಈಗ ನೀವೂ ಆ ದಾರಿಯಲ್ಲಿ ನಿಂತಿದ್ದೀರಿ. ನಿಮಗೂ ಕೇಳಿಸಿದೆ. ಆ ಗೇಮು ನಿಮ್ಮ ಮನೆಯಲ್ಲಿದ್ದರೆ ಏಳನೇ ಲೆವೆಲ್ಲಿಗೆ ಹೋಗಿ. ಆ ಬಾಗಿಲ ಮುಂದೆ ನಿಲ್ಲಿ. ಅಲ್ಲಿಂದ ಒಂದು ಹೆಜ್ಜೆ ಮುಂದಿಡಬೇಡಿ. ಕಂಪನಿಗೆ ಬರೆಯಿರಿ: ಇದನ್ನು ತಟ್ಟಿದವರು ಯಾರು, ಅವರ ಹೆಸರು ಎಲ್ಲಿ, ಹಲಗೆ ಮುಚ್ಚದವರು ಯಾರು. ಇವತ್ತು ಬರೆಯಿರಿ, ನಾಳೆ ಬರೆಯಿರಿ, ಉತ್ತರ ಕೊಡುವವರೆಗೂ ಬರೆಯಿರಿ. ನಿಮ್ಮ ಮಕ್ಕಳ ಕೈಯಲ್ಲೂ ಬರೆಸಿ.

ಮೂರು ಸಲ ತಟ್ಟಿದರೆ ಏನು ಅಂತ ಈಗ ನಿಮಗೆ ಗೊತ್ತು. ತುದಿಗಾಲಲ್ಲಿ ಹೋಗಬೇಡಿ. ಬಾಗಿಲು ತೆಗೆಯಿರಿ.